ಸೇಬಿನ ಗಿಡಕ್ಕೆ ಬೀಗರ ನಾಯಿಯ ಕಾವಲು

“ಸೇಬು ಕಾಶ್ಮೀರದಾಗ ಬೆಳಿತೈತಿ ಅಂದ್ರ ನಮ್ಮ ರನ್ನ ಬೆಳಗಲ್ಯಾಗ ಯಾಕ ಬೆಳಿಯಂಗಿಲ್ಲ? ಅಲ್ಲಿ ಮಣ್ಣಿಗೇನು ಕೋಡು ಮೂಡ್ಯಾವೇನು? ಮೊದಲ ಹಣ್ಣು ನಿಮ್ಮ ಕೈಯಾಗ ಇಡತೇನಿ, ನೋಡ್ರಿ ಬೀಗರ!”

ಶಿದ್ರಾಮಪ್ಪ ಹೀಗೆ ಗುಡುಗಿದ್ದು ಮಗನ ಮದುವೆಯ ಊಟದ ಪಂಕ್ತಿಯಲ್ಲಿ, ಬನಹಟ್ಟಿಯ ನೂಲಿನ ವ್ಯಾಪಾರಿ ರಾಮಲಿಂಗಪ್ಪನ ಎದುರಿಗೆ. ಬೀಗರು ಮೀಸೆಯಲ್ಲೇ ನಕ್ಕಿದ್ದರು. ಆ ನಗೆ ಶಿದ್ರಾಮಪ್ಪನ ಎದೆಯಲ್ಲಿ ಮುಳ್ಳಾಗಿ ಮುರಿದು ಕುಳಿತಿತ್ತು.

ಮನೆಯ ಹಿತ್ತಲಿನಲ್ಲಿ ನೆಟ್ಟ ಬಿಸಿಲುನಾಡಿನ ತಳಿಯ ಸೇಬು ಹೂಬಿಟ್ಟಿತು, ಕಾಯಿಯೂ ಕಚ್ಚಿತು. ಬೀಗರಿಗೆ ಫೋನು ಹೋಯಿತು. ಅಷ್ಟರಲ್ಲೇ ಎಲೆ ಹಳದಿಗೆ ತಿರುಗಿತು! ನರಗಳು ಮಾತ್ರ ಹಸಿರು, ಉಳಿದದ್ದೆಲ್ಲ ಕಾಮಾಲೆ ಬಂದವರ ಕಣ್ಣು. ಕಾಯಿ ಒಂದೊಂದಾಗಿ ಉದುರತೊಡಗಿದವು.

“ಯಾರೋ ಕೈ ಆಡಿಸ್ಯಾರ,” ಎಂದ ಶಿದ್ರಾಮಪ್ಪ.

“ಯಾರೂ ಇಲ್ರಿ,” ಎಂದಳು ಹೆಂಡತಿ ಶಿವಗಂಗವ್ವ. “ಸಗಣಿ ಗೊಬ್ಬರ ಹಾಕ್ರಿ ಅಂದ್ರ ಧೋತರ ಹೊಲಸಾಗತೈತಿ ಅಂತೀರಿ. ಗಿಡ ಉಪಾಸ ಬಿದ್ದೈತಿ.”

“ಉಪಾಸ? ದಿನಾ ನೀರೊಲಿ ಬೂದಿ ನನ್ನ ಕೈಯಾರೆ ಹಾಕತೇನಿ! ನಮ್ಮ ಹಣಿಗೆ ವಿಭೂತಿ ಹೆಂಗೋ, ಗಿಡದ ಬುಡಕ್ಕ ಬೂದಿ ಹಂಗ. ನಿನಗೇನು ಗೊತ್ತೈತಿ?”

ಸೊಸೆ ಪ್ರೀತಿ ನಾಲ್ಕು ಎಲೆ ಕಿತ್ತುಕೊಂಡು ಮುಧೋಳಕ್ಕೆ ಹೋಗಿ, ಕೃಷಿ ಬಲ್ಲವರಿಗೆ ತೋರಿಸಿ ಬಂದಳು.

“ಮಾವಾರ, ಗಿಡಕ್ಕ ಕಬ್ಬಿಣದ ಅಂಶ ಸಿಗವಲ್ದಂತ. ನಮ್ಮ ಎರಿ ಮಣ್ಣಾಗ ಮೊದಲ ಸುಣ್ಣ ಜಾಸ್ತಿ. ಅದರ ಮ್ಯಾಲ ಯಾರೋ ಬುಡಕ್ಕ ಸುಣ್ಣನೋ...”

“ಯಾರೋ!” ಶಿದ್ರಾಮಪ್ಪ ಹೊರಸಿನಿಂದ ಪುಟಿದೆದ್ದ. “ಕೇಳಿದೇನು ಶಿವಗಂಗಾ? ಯಾರೋ ಅಂತ!”

“ಮಾವಾರ, ಪೂರಾ ಕೇಳ್ರಿ...”

“ಕೇಳೂದೇನೈತಿ? ಪೂರಾ ತಿಳೀತು!”

ಅಂದಿನಿಂದ ಅವನ ಕಣ್ಣಿಗೆ ಊರೆಲ್ಲ ಸುಣ್ಣದ ಕಳ್ಳರೇ. ಪಕ್ಕದ ಮನೆಯ ಅನಸವ್ವ ಎಲೆ ಅಡಿಕೆಗೆ ಬೆರಳ ತುದಿಯಷ್ಟು ಸುಣ್ಣ ಕೇಳಲು ಬಂದರೆ, “ಎಷ್ಟು ಬೇಕು? ಯಾತಕ್ಕ ಬೇಕು?” ಎಂದು ವಿಚಾರಣೆ. ಬೇಲಿಯಾಚೆಯ ಕಬ್ಬಿನ ಹೊಲದ ಗುರಪ್ಪ, “ಎಲಿ ಯಾಕೋ ಹಳದಿ ಆಗ್ಯಾವಲ್ಲೋ?” ಎಂದು ಮರುಗಿದ್ದೇ ದೊಡ್ಡ ಅಪರಾಧವಾಯಿತು. ಮಾಡಿದವನಲ್ಲದೆ ಬೇರೆ ಯಾರು ಅಷ್ಟು ಹತ್ತಿರದಿಂದ ನೋಡುತ್ತಾರೆ?

ಶಿದ್ರಾಮಪ್ಪ ಕಟ್ಟೆಯ ಮೇಲೆ ನಿಂತು, ಗುರಪ್ಪನನ್ನೇ ದಿಟ್ಟಿಸುತ್ತ ಫರ್ಮಾನು ಹೊರಡಿಸಿದ: “ಸಿಕ್ಕಾಂವ ಯಾರರ ಆಗ್ಲಿ, ವರ್ಷ ತನಕ ನನ್ನ ದನದ ಕೊಟಗಿ ಬಳೀಬೇಕು! ಸಗಣಿ ಬುಟ್ಟಿ ತಲಿ ಮ್ಯಾಲ ಹೊತ್ತು ಇದ ಗಿಡಕ್ಕ ಹಾಕಬೇಕು!”

“ಛಲೋ ನ್ಯಾಯ ಬಿಡಪಾ,” ಎಂದ ಗುರಪ್ಪ.

ಹಣ್ಣು ನೋಡಲು ಬೀಗರು ಸಂಜೆಗೆ ಬಂದಿಳಿದರು. ಗಿಡದಲ್ಲಿ ಉಳಿದದ್ದು ಒಂದೇ ಕಾಯಿ. ಬೀಗರ ಜೊತೆ ಅವರು ಸಾಕಿದ ಮುಧೋಳ ನಾಯಿ ‘ಬಿಜಲಿ’ಯೂ ಇತ್ತು. ಬೆತ್ತದಂಥ ಕಾಲು, ಬಾಣದಂಥ ಮೂತಿ. ಶಿದ್ರಾಮಪ್ಪನಿಗೆ ದೇವರೇ ಪೊಲೀಸರನ್ನು ಕಳಿಸಿದಂತಾಯಿತು! ಅದನ್ನು ಗಿಡದ ಬುಡಕ್ಕೆ ಉದ್ದನೆಯ ಹಗ್ಗದಲ್ಲಿ ಕಟ್ಟಿಸಿದ. ಹಾಲು ರೊಟ್ಟಿ ಹಾಕಿದವಳು ಶಿವಗಂಗವ್ವ.

“ಉಣಿಸಿದವರನ್ನ ಬಿಟ್ಟು ಯಾರನ್ನೂ ನಂಬಂಗಿಲ್ಲ ಇದು,” ಎಂದರು ಬೀಗರು.

“ನನಗ ಅಂಥಾದ್ದ ಬೇಕಾಗಿತ್ರಿ!”

ನಸುಕಿನಲ್ಲಿ ಹಿತ್ತಲು ನಡುಗುವಂತೆ ಬೊಗಳಿಕೆ. ನಡುವೆ ಒಂದು ಆರ್ತನಾದ. “ಸಿಕ್ಕಾ! ಕಳ್ಳ ಸಿಕ್ಕಾ!” ಎನ್ನುತ್ತ ಬೀಗರು ಕೋಲು ಹಿಡಿದು ಓಡಿದರು. ಗುರಪ್ಪ ಬೇಲಿ ಹಾರಿ ಬಂದ. ಅನಸವ್ವ ಕಂದೀಲು ತಂದಳು.

ಬಿಜಲಿಯ ಬಾಯಲ್ಲಿ ಧೋತರದ ಚುಂಗು. ಧೋತರದೊಳಗೆ ಶಿದ್ರಾಮಪ್ಪ! ಕೈಯಲ್ಲಿ ಬೂದಿಯ ಡಬ್ಬಿ. ಬೂದಿಯೆಲ್ಲ ತಲೆ, ಮೀಸೆ, ಮೈಮೇಲೆ. ದಿನದ ರೂಢಿ, ಕಾಲು ತಾನಾಗಿಯೇ ಗಿಡಕ್ಕೆ ಕರೆತಂದಿತ್ತು.

“ನಾನ್ರೀ ಬೀಗರ! ನಾಯಿಗೆ ತಿಳಿವಲ್ದು!”

ಪ್ರೀತಿ ಸೆರಗು ಬಾಯಿಗೆ ಒತ್ತಿಕೊಂಡು ತನ್ನ ಅರ್ಧ ಮಾತನ್ನು ಪೂರ್ತಿ ಮಾಡಿದಳು: “ಅವತ್ತ ಅದನ್ನ ಹೇಳಾಕತ್ತಿದ್ದೆ, ಮಾವಾರ. ಯಾರೋ ಬುಡಕ್ಕ ಸುಣ್ಣನೋ ಬೂದಿನೋ ಹಾಕಾಕತ್ತಾರ, ಬೂದಿನೂ ಸುಣ್ಣದಂಗ, ಮೊದಲ ಅದನ್ನ ಬಿಡಸ್ರಿ, ಕೊಟಗಿ ಗೊಬ್ಬರ ಹಾಕ್ರಿ ಅಂದ್ರು.”

ಗುರಪ್ಪ ಮೆಲ್ಲನೆ ಕೆಮ್ಮಿದ. “ಕಟ್ಟಿ ಮ್ಯಾಲ ಏನೋ ಫರ್ಮಾನು ಆಗಿತ್ತಲ್ಲೋ, ಶಿದ್ರಾಮಪ್ಪಾ?”

ಶಿವಗಂಗವ್ವ ಕೊಟ್ಟಿಗೆಗೆ ಹೋಗಿ ಸಗಣಿ ಬುಟ್ಟಿ ತಂದು ಗಂಡನ ಮುಂದಿಟ್ಟಳು.

ಪ್ರೀತಿ ತಂದ ಕಬ್ಬಿಣದ ಅಂಶದ ಔಷಧವನ್ನು ಎಲೆಗೆ ಸಿಂಪಡಿಸಿದ್ದಾಯಿತು. ಬುಡಕ್ಕೆ ಗೊಬ್ಬರ ಬಿತ್ತು, ಚಿಗುರು ಹಸಿರಾಗಿ ಬಂತು. ಉಳಿದ ಆ ಒಂದೇ ಕಾಯಿ ಕೆಂಪೇರಿ ಬೀಗರ ಕೈಯನ್ನೂ ಸೇರಿತು. ಬೀಗರು ಸಂತೋಷದಿಂದ ತಿಂದು, ಉಡುಗೊರೆಯಾಗಿ ಬಿಜಲಿಯನ್ನೇ ಬಿಟ್ಟುಹೋದರು. ಈಗ ಶಿದ್ರಾಮಪ್ಪ ಬುಟ್ಟಿ ಹೊತ್ತು ಹಿತ್ತಲಿಗೆ ಬಂದರೆ ಅದು ಅಡ್ಡ ನಿಲ್ಲುತ್ತದೆ. ಬುಟ್ಟಿ ಇಳಿಸಬೇಕು, ಅದು ಮೂಸಬೇಕು, ಆಮೇಲೆ ದಾರಿ.

“ಏ, ನಾ ಈ ಮನಿ ಯಜಮಾನ!” ಎಂದು ಅವನು ರೇಗುತ್ತಾನೆ.

ಅಡುಗೆ ಮನೆಯಿಂದ ಶಿವಗಂಗವ್ವನ ದನಿ ಬರುತ್ತದೆ: “ಬಿಜಲಿಗೂ ಗೊತ್ತೈತ್ರಿ, ಅದಕ್ಕ ಎರಡ ಸಲ ಮೂಸತೈತಿ!”