ಅಟ್ಟದ ಮೇಲಿನ ಇಪ್ಪತ್ತೆರಡು ಮಂದಿ

ನಮ್ಮ ಮಾವನ ಮನೆಯ ಅಟ್ಟದ ಮೇಲೆ ಇಪ್ಪತ್ತೆರಡು ಮಂದಿ ವಾಸವಾಗಿದ್ದರು. ಇದು ನನ್ನ ಮಾತಲ್ಲ, ಸ್ವತಃ ಮಾವನದೇ! ಅವರು ಅವ್ವನ ಕಡೆಯಿಂದ ದೂರದ ಸಂಬಂಧ. ಹರಿಹರದಲ್ಲಿ ಮದುವೆಗಳ ವಿಡಿಯೋ ತೆಗೆಯುವುದು ಕಸುಬು. ನಾನು ಕಂಡಂತೆ ಆ ಅಟ್ಟದ ಮೇಲೆ ಇದ್ದದ್ದು ಬೀಗ ಹಾಕಿದ ಒಂದು ಕಬ್ಬಿಣದ ಟ್ರಂಕು ಮಾತ್ರ. ಬೀಗದ ಕೈ ಮಾವನ ಉಡಿದಾರದಲ್ಲಿ. ಇಪ್ಪತ್ತೆರಡು ಮಂದಿ ಅದರೊಳಗೆ ಹೇಗೆ ಹಿಡಿಸಿದರು ಎಂದು ಕೇಳುವ ಎದೆಗಾರಿಕೆ ಯಾರಿಗಿತ್ತು?

"ನಡು ಮಧ್ಯಾಹ್ನ ಉಣ್ಣೋದು ಬಿಟ್ಟು ಏಣಿ ಹತ್ತತಾರೋ," ಎಂದು ಅತ್ತೆ ಪಿಸುಗುಟ್ಟಿದರು. "'ಬೂಷ್ಟು ಬಾಳ ಹಿಡಿದೈತೆ ತಾಯಿ, ಇನ್ನೊಂದ್ ತಿಂಗಳು ತಡ್ಕಾ' ಅಂತಾರೆ. ನನ್ ಕೂಡ ವಾರಕ್ಕೆ ಎರಡು ಮಾತಾಡಲ್ಲ, ಅಲ್ಲಿ ತಾಸುಗಟ್ಲೆ!" ಅತ್ತೆಗೆ ದೆವ್ವದ ಭಯಕ್ಕಿಂತ ಹೊಟ್ಟೆಕಿಚ್ಚೇ ಹೆಚ್ಚಾಗಿತ್ತು.

ಅದು ತೊಂಬತ್ತರ ದಶಕದ ಕೊನೆ. ಮಾವ ಎರಡು ವಿಸಿಆರ್ ಇಟ್ಟುಕೊಂಡು, ಒಂದರಲ್ಲಿ ಓಡಿಸಿ ಇನ್ನೊಂದಕ್ಕೆ ಬೇಕಾದ್ದನ್ನಷ್ಟೇ ತುಂಬಿಸಿ ಎಡಿಟಿಂಗ್ ಮುಗಿಸುತ್ತಿದ್ದವರು. ಇದ್ದಕ್ಕಿದ್ದಂತೆ ಕಂಪ್ಯೂಟರೇ ಆಗಬೇಕು, ಅದನ್ನೂ ಒಂದೊಂದೇ ಭಾಗ ಆರಿಸಿ ಜೋಡಿಸಬೇಕು ಎಂದು ಹಟ ಹಿಡಿದರು. ಆರು ತಿಂಗಳ ಕೋರ್ಸ್ ಮಾಡಿದ್ದ ತಪ್ಪಿಗೆ ನಾನು ಅವರ ಕೈಗೆ ಸಿಕ್ಕಿಬಿದ್ದೆ.

ದಾವಣಗೆರೆಯ ಕೆ.ಬಿ. ಬಡಾವಣೆಯ ಅಂಗಡಿಯಲ್ಲಿ ಮಾವ ಹಾರ್ಡ್ ಡಿಸ್ಕನ್ನು ಅಂಗೈ ಮೇಲಿಟ್ಟು ತೂಗಿದರು.

"ಇದ್ರಾಗೆ ಎಷ್ಟು ಮಂದಿ ಹಿಡಿತಾರ್ರಿ?"

"ಮಂದಿ ಅಲ್ರಿ ಯಜಮಾನ್ರೆ, ಜಿಬಿ. ಎಂಟು ಜಿಬಿ ಐತೆ," ಎಂದರು ಅಂಗಡಿಯವರು.

"ಜಿಬಿ ನಿಮಗಿರ್ಲಿ. ಇಪ್ಪತ್ತೆರಡು ಹೆಣ್ಮಕ್ಕಳು ಅದಾರೆ. ಇಷ್ಟು ವರ್ಷ ನಿಂತೇ ಅದಾರೆ. ಒಬ್ಬಾಕಿಗೆ ಮಂಡಿನೋವು ಬ್ಯಾರೆ!"

ಅಂಗಡಿಯವರು ನನ್ನ ಮುಖ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಮುಂದಿನ ವಾರ ಹೋದಾಗ ಅಂಗಡಿಯ ಬಾಗಿಲಿಗೆ ನಿಂಬೆಹಣ್ಣು ಮೆಣಸಿನಕಾಯಿ ತೂಗುತ್ತಿದ್ದವು!

ಅಷ್ಟಕ್ಕೇ ಬಿಟ್ಟರೇ? ಕ್ಯಾಬಿನೆಟ್ಟಿನ ಫ್ಯಾನಿಗೆ ಕಿವಿಯಿಟ್ಟು, "ಗದ್ದಲ ಬ್ಯಾಡ, ಅವರ ದನಿ ಮೊದಲೇ ಸಣ್ಣದು" ಎಂದು ನಾಲ್ಕು ಫ್ಯಾನು ತಿರಸ್ಕರಿಸಿದರು. ಹದಿನಾಲ್ಕು ಇಂಚಿನ ಮಾನಿಟರ್ ತೋರಿಸಿದರೆ, "ಅಂಚಿಗೆ ನಿಂತೋರು ಇದ್ರಾಗೆ ಕಾಣಲ್ಲ, ದೊಡ್ಡದು ತೆಗೀರಿ" ಎಂದರು. 

ಕೊನೆಗೆ ಉಳಿದದ್ದು ಕ್ಯಾಸೆಟ್ಟಿನ ಚಿತ್ರವನ್ನು ಕಂಪ್ಯೂಟರಿಗೆ ಇಳಿಸುವ ಕ್ಯಾಪ್ಚರ್ ಕಾರ್ಡ್. ಅಂಗಡಿಯವರು ದೂರವೇ ನಿಂತು ಹೇಳಿದರು: "ಇದು ಸೋವಿ ಐತ್ರಿ. ನಡುನಡುವೆ ಒಂದೆರಡು ಚಿತ್ರ ಬಿಡ್ತೈತೆ, ಅಷ್ಟೇ. ಯಾರಿಗೂ ಗೊತ್ತಾಗಲ್ಲ."

ಮಾವನ ಮುಖ ಕಪ್ಪಿಟ್ಟಿತು. "ಒಂದ್ಸಲ ಬಿಟ್ಟಾಗೈತ್ರಿ. ಇನ್ನೊಂದ್ಸಲ ಬಿಡಾಕಿಲ್ಲ." ಬೆಂಗಳೂರಿನಿಂದ ಒಳ್ಳೆಯ ಕಾರ್ಡು ಬರುವವರೆಗೆ ಒಂದೂವರೆ ತಿಂಗಳು ಕಾದರು. ಅಟ್ಟದ ಮೇಲಿನ ಪಿಸುಮಾತು ಮಾತ್ರ ದಿನವೂ ನಡೆದಿತ್ತು.

ಒಂದು ಭಾನುವಾರ ಮಧ್ಯಾಹ್ನ ಎಲ್ಲ ಜೋಡಿಸಿದೆವು. ಮಾವ ಕಿಟಕಿಗೆ ಕಂಬಳಿ ಕಟ್ಟಿ ಟ್ರಂಕು ಇಳಿಸಿದರು. ಒಳಗೆ ಬೂಷ್ಟು ಹಿಡಿದ ಕ್ಯಾಸೆಟ್ಟುಗಳು! "ಟೇಪು ಒಂದೇ ಸಲ ಓಡೀತು. ಹರಿದ್ರೆ ಅವರು ಹೋದಂಗೇ," ಎಂದರು. 

ಪರದೆಯ ಅಂಚಿನಲ್ಲಿ ಒಬ್ಬ ಹೆಂಗಸು ಮೂಡಿದಳು. ಬೋಳು ಹಣೆ, ತಲೆ ತುಂಬ ಸೆರಗು. ಕದಲದೆ ನಮ್ಮನ್ನೇ ನೋಡಿದಳು. ಮರೆಯಾದಳು. ಇನ್ನೊಬ್ಬಳು ಬಾಗಿಲ ಸಂದಿಯಲ್ಲಿ. ಮತ್ತೊಬ್ಬಳು ಉಗ್ರಾಣದ ಕತ್ತಲಲ್ಲಿ. ಹಿಂದೆಲ್ಲೋ ವಾಲಗ ನಡೆದಿದೆ, ಇವರ ತುಟಿ ಮಾತ್ರ ಬಿಚ್ಚುವುದಿಲ್ಲ. ನನಗೆ ಕಂಬಳಿ ಕಿತ್ತೆಸೆದು ಓಡೋಣ ಎನ್ನಿಸಿತು.

"ಯಾರು ಮಾವ ಇವರೆಲ್ಲ?"

"ಗಂಡ ಸತ್ತೋರು. ಮುಹೂರ್ತದಾಗೆ ಇವರು ಕಾಣಬಾರ್ದು, ತೆಗೀರಿ ಅಂತ ಮನಿಯೋರೇ ಹೇಳೋರು. ಅವರಿಗೆ ಕೊಡೋ ಕ್ಯಾಸೆಟ್ಟಿನಿಂದ ತೆಗೆದೆ. ಮೂಲ ಟೇಪು ಅಳಿಸಿ ಹಾಕಾಕೆ ಮಾತ್ರ ಕೈ ಬರಲಿಲ್ಲ. ಈಗ ಒಬ್ಬೊಬ್ಬರನ್ನೂ ಅವರವರ ಮನಿ ಮದುವಿಗೆ ವಾಪಸ್ ಸೇರಿಸ್ತೀನಿ."

ದೆವ್ವದ ಗುಟ್ಟು ಒಡೆದರೂ ನನಗೆ ನಗು ಬರಲಿಲ್ಲ. ಯಾಕೆಂದರೆ ಇಪ್ಪತ್ತೆರಡನೆಯವಳು ಕಂಬದ ಹಿಂದಿನಿಂದ ಇಣುಕಿದಳು. ಒಂದು ಕೈ ಮಂಡಿಯ ಮೇಲಿತ್ತು. ಅವ್ವ!

ನನ್ನ ತಂಗಿಯ ಮದುವೆ ಅದು. "ಬೀಗರು ಏನಂದುಕೊಂಡಾರು? ಅವ್ವ ಬಂದಲ್ಲೆಲ್ಲ ತೆಗೆದುಬಿಡು ಮಾವ" ಎಂದಿದ್ದವನು ಬೇರೆ ಯಾರೂ ಅಲ್ಲ, ನಾನೇ. ಕ್ಯಾಸೆಟ್ಟು ನೋಡಿದ ದಿನ ಅವ್ವ ಕೊನೆಯವರೆಗೂ ಕೂತಿದ್ದಳು. ಮುಗಿದ ಮೇಲೆ "ಬಾಳ ಚೆಂದ ಬಂದೈತೆ" ಎಂದಷ್ಟೇ ಹೇಳಿ ಎದ್ದಳು. ನಾವು ಕಂಪ್ಯೂಟರ್ ಜೋಡಿಸುವ ಹೊತ್ತಿಗೆ ಅವಳು ತೀರಿಕೊಂಡು ಎರಡು ವರ್ಷವಾಗಿತ್ತು.

ಪರದೆಯ ಮೇಲೆ ಅವ್ವ ಆಚೀಚೆ ನೋಡಿದಳು. ಯಾರೂ ನೋಡುತ್ತಿಲ್ಲವೆಂದು ಖಾತ್ರಿಯಾದ ಮೇಲೆ, ಮುಚ್ಚಿಟ್ಟುಕೊಂಡಿದ್ದ ಅಕ್ಕಿಕಾಳನ್ನು ಕಂಬದ ಹಿಂದಿನಿಂದಲೇ ಮಗಳ ಕಡೆ ಎಸೆದಳು. ಕಾಳು ಅರ್ಧ ದಾರಿಯಲ್ಲೇ ಬಿದ್ದವು. ನಾನು ಚಿಕ್ಕವನಂತೆ ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ.

ಮಾವ ಮೌಸ್ ಹಿಡಿದರು. ಆಮೇಲೆ ಮೆಲ್ಲಗೆ ಕೇಳಿದರು:

"ಹೇಳಪ್ಪ, ಎಲ್ಲಿ ಸೇರಿಸ್ಲಿ?"

"ಮೊದಲಿಗೆ ಹಾಕು ಮಾವ," ಎಂದೆ. "ದೇವರ ಫೋಟೋಕ್ಕಿಂತ ಮೊದಲು."