ಶಟರಿನೊಳಗಿನ ಚರಗ

ಎಪ್ಪತ್ನಾಲ್ಕನೆಯ ಇಸವಿಯಲ್ಲಿ ನಮ್ಮೂರು ಮೊರಬದಲ್ಲಿ ಟ್ರ್ಯಾಕ್ಟರ್ ಇದ್ದವರು ನಾಲ್ಕಾರು ಜನರಿದ್ದರು. ಆದರೆ ಟ್ರ್ಯಾಕ್ಟರಿನ ಮನೆಗೆ ರೋಲಿಂಗ್ ಶಟರ್ ಹಾಕಿಸಿದ ಮಹಾಪುರುಷ ನಾನೊಬ್ಬನೇ! ಗೋಡೆ ಮಣ್ಣಿನದು, ಮೇಲ್ಛಾವಣಿಯ ಮಾಳಿಗೆ ಮಣ್ಣಿನದು, ನೆಲವೂ ಮಣ್ಣಿನದೇ. ಬಾಗಿಲು ಮಾತ್ರ ಹುಬ್ಬಳ್ಳಿಯ ಜವಳಿ ಅಂಗಡಿಯದರ ಹಾಗೆ ಗರಗರ ಸುತ್ತಿಕೊಂಡು ಮೇಲೇರುವ ಕಬ್ಬಿಣದ್ದು. ಕಿಟಕಿ ಇಡಿಸಿರಲಿಲ್ಲ. ಕಳ್ಳರಿಗೆ ನಾವೇ ಯಾಕೆ ದಾರಿ ತೋರಿಸಬೇಕು? ಮಾಳಿಗೆಯಲ್ಲಿ ಒಂದು ಬೆಳಕಿಂಡಿ, ಅಷ್ಟೇ.

ಕೆಲವು ವರ್ಷ ಶಟರು ನನ್ನ ಬೆರಳ ಸನ್ನೆಗೆ ಏರಿತು, ಇಳಿಯಿತು. ಆಮೇಲೆ ಮೇಲಿನ ದಂಡಕ್ಕೆ ಸುತ್ತಿದ ಸ್ಪ್ರಿಂಗುಗಳು ಸವೆದವು. ಶಟರಿನ ಭಾರ ಹೊರುವುದು ಅವುಗಳ ಕೆಲಸ. ಅವು ಕೈಬಿಟ್ಟ ಮೇಲೆ ಆ ಭಾರ ಓಣಿಯ ಗಂಡಸರ ಸೊಂಟಕ್ಕೆ ಬಂತು. ದೀಪಾವಳಿಗೆ ಬಂದಿದ್ದ ನಮ್ಮ ಮಾವ, ಕುಬಿಹಾಳದ ಶಂಭುಲಿಂಗಪ್ಪನವರು, ಕಟ್ಟೆಯ ಮೇಲೆ ಕೂತು ಈ ಸಮಾರಂಭ ನೋಡಿದರು.

“ಅಳಿಯಾರ, ಟ್ಯಾಕ್ಟರ್ ಹೊಡ್ಯಾಕ ಒಬ್ಬಾಂವ ಸಾಕು. ಬಾಗಲಾ ತಗ್ಯಾಕ ನಾಕು ಮಂದಿ ಬೇಕಲ್ರಿ!”

ಎತ್ತು ಮಾರಿ ಟ್ರ್ಯಾಕ್ಟರ್ ತಂದದ್ದು ಅವರಿಗೆ ಮೊದಲೇ ಹಿಡಿಸಿರಲಿಲ್ಲ. ಈ ಮಾತು ನನ್ನ ಎದೆಗೆ ನೆಟ್ಟಗೆ ನಾಟಿತು. ಮುಂದಿನ ಸಲ ಇವರು ಬಂದಾಗ ಈ ಶಟರನ್ನು ಕಿರುಬೆರಳಿನಿಂದ ಎತ್ತಿ ತೋರಿಸದಿದ್ದರೆ ನನ್ನ ಹೆಸರು ಮಡಿವಾಳೆಪ್ಪನೇ ಅಲ್ಲ ಎಂದು ಶಪಥ ಮಾಡಿದೆ!

ನವಲಗುಂದದಿಂದ ರಾಮಪ್ಪ ಮಿಸ್ತ್ರಿಯನ್ನು ಕರೆಸಿದೆ. ಅವನು ಮೇಲೆ ನೋಡಿದ, ಕೆಳಗೆ ನೋಡಿದ, ನನ್ನ ಕೈಗಡಿಯಾರ ನೋಡಿದ. “ನೂರಾ ಎಂಬತ್ತ ಆಕ್ಕೈತ್ರಿ” ಎಂದ.

“ನೂರಾ ಎಂಬತ್ತ! ಸ್ಪ್ರಿಂಗಿಗೋ, ಬಂಗಾರದ ಬಳಿಗೋ?”

“ಸ್ಪ್ರಿಂಗಿಗೆ ಅರ್ಧಾರಿ. ಅದು ಸಿಡದು ಮಾರಿಗೆ ಬಡೀದಂಗ ಹಾಕೂದಕ್ಕ ಇನ್ನರ್ಧಾರಿ.”

ಅವನಿಗೆ ಚಹಾ ಕುಡಿಸಿ ಬಸ್ಸು ಹತ್ತಿಸಿದೆ. ನನ್ನ ಹೆಂಡತಿ ಸಾವಿತ್ರೆವ್ವನಿಗೆ ಇದು ಸರಿ ಬರಲಿಲ್ಲ.

“ಕೊಟ್ಟು ಹಾಕಿಸಬಾರದೇನ್ರಿ?”

“ಇಡೀ ಟ್ಯಾಕ್ಟರ್ ಬಿಚ್ಚಿ ಕೂಡಿಸಿದಾಂವ ಅದೇನಿ ನಾನು!”

“ಕೂಡಿಸಿದ ಮ್ಯಾಲ ಉಳದ ಬೋಲ್ಟು ಇನ್ನೂ ನನ್ನ ಸಾಸಿವಿ ಡಬ್ಬಿ ಬಾಜು ಅದಾವ್ರಿ.”

ಇಂಥ ಮಾತಿಗೆ ಕಿವಿಗೊಡುವ ಗಂಡಸು ನಾನಲ್ಲ. ಹುಬ್ಬಳ್ಳಿಯ ಗುಜರಿ ಅಂಗಡಿಯಿಂದ ಸ್ಪ್ರಿಂಗು ತಂದೆ. ಮುಹೂರ್ತವನ್ನೂ ಗೊತ್ತುಮಾಡಿದೆ: ಎಳ್ಳಮಾವಾಸ್ಯೆ!

ಅಂದು ನಮ್ಮಲ್ಲಿ ಚರಗ. ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ನಿಂತ ಬೆಳೆಯ ನಡುವೆ ಕೂಗು ಹಾಕುತ್ತ ತುತ್ತು ತುತ್ತು ಚೆಲ್ಲಿ, ಭೂಮಿತಾಯಿ ಉಂಡಳು ಎಂದಾದ ಮೇಲೆಯೇ ಮನೆಮಂದಿಯ ಊಟ. ಅಲ್ಲಿಯವರೆಗೆ ಒಂದು ಅಗಳೂ ಬಾಯಿಗೆ ಹೋಗುವಂತಿಲ್ಲ. ಆ ವರ್ಷ ಸಾವಿತ್ರೆವ್ವನ ತವರಿನವರು ಮೊದಲ ಸಲ ನಮ್ಮ ಹೊಲಕ್ಕೆ ಉಣ್ಣಲು ಬರುವವರಿದ್ದರು. ಅವಳು ಕೋಳಿ ಕೂಗುವ ಮೊದಲೇ ಎದ್ದು ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಪುಂಡಿಪಲ್ಯ, ಮೊಸರು ಬುತ್ತಿ, ನಾಲ್ಕು ಬಗೆಯ ಚಟ್ನಿ ಮಾಡಿ, ಬುಟ್ಟಿಗಳನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ಟ್ರ್ಯಾಕ್ಟರಿನ ಮನೆಯೊಳಗಿದ್ದ ಟ್ರೇಲರಿನಲ್ಲಿ ಇಟ್ಟಿದ್ದಳು. “ನಮ್ಮವರು ಉಪಾಸ ಬರ್ತಾರ್ರಿ. ಹೊತ್ತು ಮಾಡಬ್ಯಾಡ್ರಿ” ಎಂದು ಹೇಳಿ ಸೀರೆ ಉಡಲು ಒಳಗೆ ಹೋದಳು.

ಅಷ್ಟರಲ್ಲಿ ಮುಗಿಸಿಬಿಡೋಣವೆಂದು ನಾನು ಟ್ರೇಲರ್ ಹತ್ತಿದೆ. ಓಣಿಯವರು ಶಟರು ಎತ್ತಿ ಕೆಳಗೆ ಒಂದು ಕಂಬ ಆಸರೆ ಕೊಟ್ಟಿದ್ದರು. ಬಾಜೂ ಮನೆಯ ಹೊಳಬಸಪ್ಪ ಹೊರಗೆ ಆ ಕಂಬ ಹಿಡಿದು ನಿಂತಿದ್ದ. ಹೊಸ ಸ್ಪ್ರಿಂಗು ಏರಿಸಿದೆ. ಇನ್ನು ಬಿಗಿಯಾಗಿ ತಿರುವುವುದೊಂದೇ ಬಾಕಿ.

“ಎಡಕ್ಕ ತಿರುವಬೇಕ ಅನಸ್ತೈತಿ ನೋಡ್ರಿ” ಎಂದ ಹೊಳಬಸಪ್ಪ.

“ಹಬ್ಬದ ದಿನಾ ಎಡಕ್ಕ ತಿರುವೂದೇನಲೇ? ನೀ ಗುಡಿ ಎಡಕ್ಕ ಸುತ್ತತಿಯೇನು?”

“ಗುಡಿಗೆ ಸ್ಪ್ರಿಂಗ್ ಇರೂದಿಲ್ಲಲ್ರಿ.”

ಧರ್ಮ ತಿಳಿಯದವರ ಜೊತೆ ವಾದವೇಕೆ? ಒಂದೊಂದು ಸುತ್ತಿಗೂ ಶಿವನಾಮ ಹೇಳುತ್ತ, ಭಕ್ತಿಯಿಂದ ಬಲಕ್ಕೇ ತಿರುವಿದೆ. ಬೆವರು ಒರೆಸಿಕೊಂಡು ಆಜ್ಞೆ ಮಾಡಿದೆ. “ತಗೀ ಕಂಬಾ!”

ಅವನು ತೆಗೆದ. ಢಣ್ ಎಂದು ಒಂದು ಸಪ್ಪಳವಾಯಿತು. ಊರ ಅಗಸಿ ಬಾಗಿಲ ತನಕ ನಾಯಿಗಳೆಲ್ಲ ಬೊಗಳಿದವು. ನನ್ನ ಸುತ್ತ ಕತ್ತಲು! ಮೇಲಕ್ಕೆ ಎಳೆಯಬೇಕಾದ ಸ್ಪ್ರಿಂಗು, ನನ್ನ ಬಲಸುತ್ತಿನ ಪುಣ್ಯದಿಂದ, ಶಟರನ್ನು ಕೆಳಕ್ಕೆ ಒತ್ತಿ ನೆಲಕ್ಕೆ ಕಚ್ಚಿಸಿತ್ತು. ನಾನು ಒಳಗೆ ಇದ್ದೇನೆಂಬುದು ನನಗೆ ಆಮೇಲೆ ಹೊಳೆಯಿತು.

ಸರಿಯಾಗಿ ಅದೇ ಹೊತ್ತಿಗೆ ಕುಬಿಹಾಳದ ಬಂಡಿಯ ಗೆಜ್ಜೆ ಕೇಳಿಸಬೇಕೇ!

“ಅಳಿಯಾರು ಎಲ್ಲಿ?” ಮಾವನವರ ದನಿ.

“ಒಳಗದಾರ್ರಿ” ಎಂದ ಹೊಳಬಸಪ್ಪ.

“ಬುತ್ತಿ?”

“ಅದೂ ಒಳಗರಿ.”

ಮಾವನವರು ನಡುಗುವ ದನಿಯಲ್ಲಿ ಕೇಳಿದರು. “ಅಂದ್ರ... ಎರಡೂ ಒಂದ ಕಡೆ ಅದಾವು?”

ನನ್ನ ಜೀವದ ಬಗ್ಗೆ ಒಬ್ಬರಾದರೂ ವಿಚಾರಿಸಲಿಲ್ಲ! ಗಂಡಸರು ಸೇರಿ ಶಟರು ಎತ್ತಲು ನೋಡಿದರು. ಅದು ಕದಲಲಿಲ್ಲ. ಟ್ರ್ಯಾಕ್ಟರ್ ಹಿಂದಕ್ಕೆ ಬಿಟ್ಟು ಗುದ್ದಿಸುತ್ತೇನೆ ಎಂದೆ. “ಟ್ರೇಲರ್‌ನ್ಯಾಗ ನನ್ನ ಹೋಳಿಗಿ ಅದಾವ್ರಿ!” ಎಂದು ಸಾವಿತ್ರೆವ್ವ ಚೀರಿದಳು. ಕಡೆಗೆ ರಾಮಪ್ಪ ಮಿಸ್ತ್ರಿಯನ್ನು ಕರೆತರಲು ಹೊಳಬಸಪ್ಪ ಬಸ್ಸಿಗೆ ಓಡಿದ.

ಆಗ ಹೆಂಡತಿ ಶಟರಿಗೆ ಬಾಯಿ ಹಚ್ಚಿ ಹೇಳಿದಳು. “ಇಲ್ಲಿ ಕೇಳ್ರಿ. ನಮ್ಮ ಅಪ್ಪ ನೀರ ಸೈತ ಕುಡದಿಲ್ಲ. ಚರಗಾ ಆಗೂ ತನಕ ನೀವೂ ಬುಟ್ಟಿ ಮುಟ್ಟಂಗಿಲ್ಲ.”

“ನನ್ನ ಮ್ಯಾಲ ಅಷ್ಟೂ ನಂಬಿಗಿ ಇಲ್ಲೇನ ನಿನಗ?”

“ಇಲ್ರಿ. ಮಗ್ಗಿ ಹೇಳಕೋತ ಕುಂದರ್ರಿ. ಜೋರಾಗಿ! ದನಿ ಕೇಳಿದ್ರ ಬಾಯಿ ಖಾಲಿ ಐತಿ ಅಂತ ತಿಳಕೋತೇನಿ.”

ಊರಿಗೆ ಮೊದಲ ಶಟರು ತಂದ ಮಹಾಪುರುಷ ಕತ್ತಲಲ್ಲಿ ಕೂತು ಎರಡರ ಮಗ್ಗಿಯಿಂದ ಶುರುಮಾಡಿದ! ಹೊರಗೆ ಓಣಿಯ ಹುಡುಗರು ನನ್ನೊಂದಿಗೆ ದನಿಗೂಡಿಸಿದರು. ಐದರ ಮಗ್ಗಿಯ ಹೊತ್ತಿಗೆ ಎಣ್ಣೆಗಾಯಿಯ ವಾಸನೆ ಬಂತು. ಎಂಟರ ಹೊತ್ತಿಗೆ ಹೋಳಿಗೆಯ ತುಪ್ಪ. ಹದಿಮೂರರವರೆಗೆ ಹೇಗೋ ಎಳೆದೆ. ಹದಿನಾಲ್ಕರದು ನನಗೆ ಶಾಲೆಯಲ್ಲೇ ಬರುತ್ತಿರಲಿಲ್ಲ. ಹಸಿದ ಹೊಟ್ಟೆಯಲ್ಲಿ ಬರುವುದುಂಟೇ?

ತಲೆ ತಗ್ಗಿಸಿ ಕೂತಾಗ ಬೆಳಕಿಂಡಿಯ ಮಬ್ಬು ಬೆಳಕಿನಲ್ಲಿ ಕಾಲ ಕೆಳಗಿನ ನೆಲ ಕಂಡಿತು. ಅಪ್ಪಟ ಎರೆಮಣ್ಣು! ನನ್ನ ಬುದ್ಧಿಗೆ ನಾನೇ ಕೈಮುಗಿದೆ. ಭೂಮಿತಾಯಿ ಹೊಲದಲ್ಲಿ ಮಾತ್ರ ಇರುತ್ತಾಳೆಂದು ಯಾರು ಹೇಳಿದರು? ಮೆಲ್ಲಗೆ ಬಟ್ಟೆ ಬಿಚ್ಚಿದೆ. ನಾಲ್ಕೂ ಮೂಲೆಗೆ ಒಂದೊಂದು ತುತ್ತು ಚೆಲ್ಲಿದೆ. ಚರಗದ ಕೂಗನ್ನು ಪಿಸುದನಿಯಲ್ಲಿ ಕೂಗಿದೆ. ಟ್ರ್ಯಾಕ್ಟರಿನ ಗಾಲಿಗೂ ಒಂದು ಚೂರು ಹೋಳಿಗೆ ಸಮರ್ಪಿಸಿದೆ, ಅದೂ ದುಡಿದದ್ದಲ್ಲವೇ! ಶಾಸ್ತ್ರ ಮುಗಿಯಿತು. ಒಂದು ಹೋಳಿಗೆ ಹೊಟ್ಟೆಗಿಳಿಯಿತು. ಎರಡನೆಯದು ಅರ್ಧ ಬಾಯೊಳಗೆ ಇತ್ತು. ಅಷ್ಟರಲ್ಲಿ ಬೆಳಕಿಂಡಿಯ ಬೆಳಕು ಮಂಕಾಯಿತು.

ಮೇಲೆ ನೋಡಿದೆ. ಬೆಳಕಿಂಡಿಯ ತುಂಬ ಸಾವಿತ್ರೆವ್ವನ ಮುಖ!

“ಹದಿನಾಕರ ಮಗ್ಗಿ ಬಾಳ ಮೆತ್ತಗ ಬರಾಕತ್ತೈತಿ ಅಂತ ಮಾಳಿಗಿ ಹತ್ತಿದ್ನಿ ನೋಡ್ರಿ!”

“ಚರಗಾ... ಚರಗಾ ಆತಬೇ” ಎಂದೆ, ಹೋಳಿಗೆಯ ಸಂದಿಯಿಂದ. “ಇದೂ ಭೂಮಿನ ಅಲ್ಲೇನು?”

ಅವಳ ಮುಖ ಸರಿದು ಮಾವನವರ ತಲೆಯ ಪಟಕ ಕಾಣಿಸಿತು. ಅವರು ನಾಲ್ಕೂ ಮೂಲೆಯನ್ನು ಗಂಭೀರವಾಗಿ ಪರೀಕ್ಷಿಸಿದರು.

“ಖರೇ ಐತಿ ಮಗಳ. ಅಳಿಯಾರು ತಮ್ಮ ಹೊಲಕ್ಕ ಚರಗಾ ಚೆಲ್ಲ್ಯಾರ. ನಾವಿನ್ನ ಬೆಳಿ ನಿಂತ ಹೊಲಕ್ಕ ಹೋಗೂಣು. ಹಗ್ಗಾ ತಾ.”

ಹಗ್ಗ ಇಳಿಯಿತು. ಬುಟ್ಟಿಗಳನ್ನು ಒಂದೊಂದಾಗಿ ನಾನೇ ಕಟ್ಟಿ ಕಳಿಸಬೇಕಾಯಿತು. ಬುಟ್ಟಿ ತೂರುವ ಬೆಳಕಿಂಡಿಯಲ್ಲಿ ನನ್ನ ಹೊಟ್ಟೆ ತೂರುವಂತಿರಲಿಲ್ಲ.

“ಕೈಯಾಗಿನ ಅರ್ಧಾನೂ ಇಡ್ರಿ” ಎಂದಳು ಹೆಂಡತಿ.

“ಸಾವಿತ್ರಿ, ಯಜಮಾನ ಇಲ್ಲದ ಚರಗಾ ಆಕ್ಕೈತೇನ?”

“ನಮ್ಮಪ್ಪ ಚೆಲ್ಲತಾನ್ರಿ. ನೀವು ಆರಾಮ ನಿಮ್ಮ ಬೆಳಿ ಕಾಯ್ಕೋತ ಇರ್ರಿ.”

ಬಂಡಿಯ ಗೆಜ್ಜೆ ದೂರವಾಯಿತು. ಟ್ರ್ಯಾಕ್ಟರಿನ ಮನೆಯಲ್ಲಿ ಟ್ರ್ಯಾಕ್ಟರು, ನಾನು, ನಾಲ್ಕು ಮೂಲೆಯ ನಾಲ್ಕು ತುತ್ತು. ಎಳ್ಳಮಾವಾಸ್ಯೆಯ ದಿನ ಇಡೀ ಊರು ಹೊಲದಲ್ಲಿ ಉಣ್ಣುವಾಗ ಒಬ್ಬನೇ ಕೂರುವ ಸಂಕಟ ಶತ್ರುವಿಗೂ ಬೇಡ. ನಾಚಿಕೆಯೂ ಆಯಿತು, ಹಸಿವೂ ಆಯಿತು. ಖರೇ ಹೇಳುತ್ತೇನೆ, ಹಸಿವೇ ಹೆಚ್ಚಾಗಿತ್ತು.

ಬಿಸಿಲು ಬಲಿತ ಮೇಲೆ ಶಟರಿನ ಮೇಲೆ ಟಕಟಕ ಸಪ್ಪಳ.

“ಸಾವಕಾರ್ರ, ಒಳಗದೀರೇನ್ರಿ? ನಾ ರಾಮಪ್ಪ.”

ನನಗೆ ಹೋದ ಜೀವ ಬಂದಂತಾಯಿತು. “ಲಗೂ ತಗೀ ಮಾರಾಯಾ! ಎಷ್ಟ ಕೇಳತಿ ಕೇಳು!”

“ರೊಕ್ಕದ್ದು ಬಗೀಹರದೈತ್ರಿ. ಅಕ್ಕಾರು ದಾರ್ಯಾಗ ಬಂಡಿ ನಿಂದ್ರಿಸಿ ಕೊಟ್ಟಾರ್ರಿ. ಇನ್ನೂರಾ ಮೂವತ್ತ.”

“ನೂರಾ ಎಂಬತ್ತ ಅಂದಿದ್ದೆಲ್ಲೋ!”

“ಅದು ಬಾಗಲಾ ತಗ್ಯಾಕ್ರಿ.”

ಅವನು ಕಟ್ಟೆಯ ಮೇಲೆ ಕೂತ ಸಪ್ಪಳ ಕೇಳಿತು. ಗಂಟು ಬಿಚ್ಚಿದ. ಸಜ್ಜಿ ರೊಟ್ಟಿ ಕಟಂ ಎಂದಿತು.

“ಮ್ಯಾಲಿನ ಐವತ್ತ, ಅವರೆಲ್ಲಾ ಉಂಡು ಬರೂ ತನಕ ತಗೀಲಾರದ ಕುಂದ್ರಾಕ್ರಿ!”