ಪ್ರಸನ್ನನ ಷೇರು, ಕುಸುಮಳ ಟಗರು

“ಇನ್ಮ್ಯಾಕೆ ಮುಪ್ಪಿನ್ ಚಿಂತೆ ಬುಡು ಕುಸುಮಾ! ದುಡ್ಡು ಬೆಳ್ಸೋ ಇದ್ಯೆ ನಂಗೆ ಒಲಿದೈತೆ!”

ಹೀಗೆಂದು ಹೆಂಡತಿಯ ಮುಂದೆ ಘೋಷಿಸಿದ ಪ್ರಸನ್ನ ಮದ್ದೂರಿನ ಗಾರ್ಮೆಂಟ್ಸ್ ಕಾರ್ಖಾನೆಯೊಂದರ ಗುಮಾಸ್ತ. ಅಲ್ಲಿ ಹೊಸದಾಗಿ ಪಿಂಚಣಿ ಯೋಜನೆ ಬಂದಿತ್ತು. ಸಂಬಳದಲ್ಲಿ ಹಿಡಿಯುವ ದುಡ್ಡನ್ನು ಷೇರಿಗೆ ಹಾಕಬೇಕೋ, ಕಂಪನಿ ಬಾಂಡಿಗೋ, ಸರ್ಕಾರಿ ಬಾಂಡಿಗೋ ಎಂದು ನೌಕರರೇ ಹೇಳಬೇಕು. ಮಿಕ್ಕವರು ತಲೆ ಕೆರೆದುಕೊಳ್ಳುತ್ತಿದ್ದಾಗ ಪ್ರಸನ್ನ ಮೀಸೆ ತಿರುವಿ, ನಿಯಮ ಬಿಟ್ಟಷ್ಟನ್ನೂ ಷೇರಿಗೇ ಸುರಿದ. ಅಷ್ಟಕ್ಕೇ ಸುಮ್ಮನಾಗಿದ್ದರೆ ಪುಣ್ಯ! ಇಡೀ ಕಚೇರಿಗೆ ಉಪದೇಶ ಮಾಡಿ ಎಲ್ಲರ ಕೈಯಲ್ಲೂ ಮೊಬೈಲಿನಲ್ಲಿ ಷೇರನ್ನೇ ಒತ್ತಿಸಿದ.

“ಇರೋ ಒಲಕ್ಕೆಲ್ಲ ಕಬ್ಬೇ ನಾಟ್ಬುಟ್ರೆ ಉಣ್ಣಾಕೆ ರಾಗಿ ಎಲ್ಲಿಂದ ತತ್ತೀರಿ?” ಎಂದಳು ಕುಸುಮ.

“ನಿಂಗೆ ಕುರಿ ಬುಟ್ರೆ ಇನ್ನೇನ್ ಗೊತ್ತು?”

ಕುರಿ ಗೊತ್ತಿದ್ದದ್ದು ನಿಜ. ಹಾಲು ಮಾರಿದ ಕಾಸಿನಲ್ಲಿ ತಂದ, ಹೆಸರುವಾಸಿ ಬಂಡೂರು ತಳಿಯ ಟಗರನ್ನು ಆಕೆ ಮಗುವಿನಂತೆ ಸಾಕಿದ್ದಳು. ತನಗೇನು ಸಂಬಳವೇ, ಪಿಂಚಣಿಯೇ? ಅದನ್ನು ತಳಿಗೆ ಬಿಟ್ಟು, ನಾಲ್ಕು ಕುರಿ ಕಟ್ಟಿಕೊಂಡು ಮುಪ್ಪು ಕಳೆಯುವ ಆಸೆ.

ತಿಂಗಳಾಗುವಷ್ಟರಲ್ಲಿ ಮಾರುಕಟ್ಟೆ ಏರಿತು! ಎಲ್ಲರ ಮೊಬೈಲಿನಲ್ಲೂ ಹಸಿರು ಅಂಕಿ!

“ಲಾಭ ಬಂದ್ಮೇಲೆ ಬಾಡೂಟ ಆಕುಸ್ದೆ ಇದ್ರೆ ಒಳ್ಳೇದಾಗಕ್ಕಿಲ್ಲ ಕಣಣ್ಣೋ!” ಎಂದ ಸಹೋದ್ಯೋಗಿ ಲಿಂಗಯ್ಯ.

ಗಾಡಿ ಕೊಂಡರೂ ಬಾಡೂಟ, ಮೊಮ್ಮಗ ಹುಟ್ಟಿದರೂ ಬಾಡೂಟ ಎನ್ನುವ ಸೀಮೆಯಲ್ಲಿ ಇಲ್ಲವೆನ್ನಲು ನಾಲಗೆ ಏಳುತ್ತದೆಯೇ? ಕುಸುಮ ಆತಗೂರಿನ ತವರಿಗೆ ಹೋಗಿದ್ದಳು. ಟಗರು ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತಿತ್ತು. ಲಾಭ ತೆಗೆದು ಇಂಥವು ಎರಡು ತಂದುಕೊಟ್ಟರಾಯಿತು ಎಂದುಕೊಂಡ ಪ್ರಸನ್ನ. ಭಾನುವಾರ ಮುತ್ತತ್ತಿಯ ಹೊಳೆದಂಡೆಯಲ್ಲಿ ಮುದ್ದೆ ಮುರಿದವರೆಲ್ಲ ಅವನನ್ನು ಹಣಕಾಸು ಮಂತ್ರಿಯೆಂದು ಹೊಗಳಿದ್ದೇ ಹೊಗಳಿದ್ದು!

ಸೋಮವಾರ ಮಾರುಕಟ್ಟೆ ಕುಸಿಯಿತು. ಅದರ ಹಿಂದೆಯೇ ಸಂಜೆ ಕುಸುಮ ಬಂದಳು.

“ಎಲ್ರೀ ನನ್ ಟಗರು?”

“ಅದು... ಲಾಭದ ಬಾಡೂಟಕ್ಕೆ... ತಡಿ, ಈಗ್ಲೇ ದುಡ್ಡು ತೆಗುಸ್ತೀನಿ!” ಎಂದು ಪ್ರಸನ್ನ ಕಚೇರಿಯಲ್ಲಿ ಲೆಕ್ಕ ನೋಡುವ ರೂಪಳಿಗೆ ಫೋನು ಹಚ್ಚಿದ.

“ಅರವತ್ತಾಗ್ಬೇಕು ಸಾರ್! ಮನೆ, ಮದ್ವೆ, ಕಾಯ್ಲೆ ಅಂದ್ರೆ ಮಧ್ಯದಲ್ಲಿ ಒಂಚೂರು ಕೊಟ್ಟಾರು, ಅದೂ ಕೆಲವು ವರ್ಸ ಕಳುದ್ಮೇಲೆ. ಟಗರಿಗೆಲ್ಲ ಕೊಡಕ್ಕಿಲ್ಲ. ಅಲ್ದೆ ಲಾಭ ಎಲ್ಲೈತೆ? ಇವತ್ತು ಓಗ್ಬುಡ್ತಲ್ಲ!”

“ಅಯ್ಯೋ! ಎಲ್ರೂ ನನ್ನ ಬಯ್ತಾವ್ರಾ?”

“ಇಲ್ಲ ಸಾರ್. ಇನ್ನೊಂದು ಬಾಡೂಟ ಯಾವಾಗ ಅಂತ ಕೇಳ್ತಾವ್ರೆ.”

ಪ್ರಸನ್ನ ಫೋನಿಟ್ಟ. ಹೆಂಡತಿಯ ಮುಖ ನೋಡಲು ನಿಜಕ್ಕೂ ನಾಚಿಕೆಯಾಯಿತು. ಕುಸುಮ ಕೂಗಾಡಲಿಲ್ಲ. ಟಗರು ಕಟ್ಟುತ್ತಿದ್ದ ಹಗ್ಗವನ್ನು ಸುತ್ತಿಡುತ್ತಾ ಕೇಳಿದಳು:

“ನಿಮ್ ಮುಪ್ಪಿನ್ ದುಡ್ಡು ಅರವತ್ತರ ತಂಕ ಯಾರೂ ಮುಟ್ಟದಂಗೆ ಬದ್ರವಾಗೈತೆ, ಬುಡಿ. ನನ್ ಮುಪ್ಪಿನ್ ದುಡ್ಡು ನಿಮ್ ಆಪೀಸ್ನೋರ ಒಟ್ಟೇಲಿ ಕರಗೋಯ್ತಲ್ಲ, ಅದ್ನ ತೆಗ್ಸಾಕೆ ಯಾರ್ಗೆ ಪೋನ್ ಮಾಡ್ಲಿ?”